ಯಾವ ದಿನ ಎಂದು ಕೇಳಿ

ಮೂರನೇ ಕೀಮೋ ಆದ ನಾಲ್ಕನೆಯ ದಿನ ಪೋಸ್ಟ್‌ಮ್ಯಾನ್ ಬಂದ. ರಿಜಿಸ್ಟರ್ಡ್ ಪೋಸ್ಟ್. ಸಹಿ ಹಾಕಲು ಬೆರಳು ನಡುಗುತ್ತಿತ್ತು. ಅಮ್ಮ ಮಣಿಕಟ್ಟು ಹಿಡಿದುಕೊಂಡರು.

ಗಂಡನ ವಕೀಲರ ನೋಟಿಸು. ಒಪ್ಪಿಗೆಯ ಡಿವೋರ್ಸಿಗೆ ಹದಿನೈದು ದಿನದೊಳಗೆ ಉತ್ತರ ಕೊಡಬೇಕಿತ್ತು.

ನಾವು ಎರಡು ವರ್ಷದಿಂದ ಬೇರೆ ಇದ್ದೆವು. ಆದರೂ ಅವರ ಕಂಪನಿಯ ಇನ್ಶೂರೆನ್ಸಿನಲ್ಲಿ ಹೆಂಡತಿ ಅಂತ ನನ್ನ ಹೆಸರಿತ್ತು. ಡಿವೋರ್ಸ್ ಆದರೆ ಅದು ಹೋಗುತ್ತದೆ. ಇನ್ನೂ ಐದು ಕೀಮೋ, ಆಪರೇಷನ್, ರೇಡಿಯೇಷನ್ ಬಾಕಿ ಇತ್ತು. ಅವರಿಗೆ ಇದೆಲ್ಲ ಗೊತ್ತಿತ್ತು. ಕ್ಲೇಮಿನ ಮೆಸೇಜು ಪ್ರತಿ ಸಲ ಅವರ ಫೋನಿಗೇ ಹೋಗುತ್ತಿತ್ತು.

ಬಾಯಿ ತುಂಬ ಹುಣ್ಣು. ರಾತ್ರಿ ಮಜ್ಜಿಗೆಯೂ ಇಳಿಯಲಿಲ್ಲ. ಕ್ಯಾಲೆಂಡರಿನ ಹಿಂದೆ ಖರ್ಚಿನ ಲೆಕ್ಕ ಬರೆದೆ. ಅಪ್ಪನ ಪಿಂಚಣಿಯಲ್ಲಿ ಆಗುವ ಮಾತಲ್ಲ. ತುಂಬ ಹೆದರಿದೆ.

ಇನ್ನೊಂದೂ ನೆನಪಾಯಿತು. ಈ ಸಂಸಾರ ಬೇಡವೆಂದು ಮೊದಲು ಹೇಳಿದವಳು ನಾನು. ಅವರ ಅಮ್ಮನ ವೈಕುಂಠ ಸಮಾರಾಧನೆ ಮುಗಿದ ವಾರವೇ ಹೇಳಿದ್ದೆ. ಆಗ ಅದು ತಪ್ಪು ಅನ್ನಿಸಿರಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದೆ. "ಸಹಿ ಹಾಕ್ತೀನಿ. ರೇಡಿಯೇಷನ್ ಮುಗಿಯೋವರೆಗೆ ಟೈಮ್ ಕೊಡಿ. ಅತ್ತೆ ಹೋದಾಗ ನಾನೂ ಕಾಯಬೇಕಿತ್ತು, ಕಾಯಲಿಲ್ಲ." ಅವರು ಏನೂ ಹೇಳದೆ ಫೋನ್ ಇಟ್ಟರು.

ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ, ಅರ್ಜಿ ಹಾಕಿ ಆರು ತಿಂಗಳಾದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಕೋರ್ಟಿಗೆ ಹೋಗಬೇಕು. ನಮ್ಮ ಹಾಗೆ ಬಹಳ ಕಾಲ ಬೇರೆ ಇದ್ದವರು ಆ ಆರು ತಿಂಗಳನ್ನು ಮನ್ನಾ ಮಾಡಿ ಎಂದು ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಅವರ ವಕೀಲರು ಅದನ್ನೇ ಕೇಳುವವರಿದ್ದರು.

ಮೂರು ದಿನ ಬಿಟ್ಟು ಫೋನ್ ಬಂತು. "ಮನ್ನಾ ಕೇಳಲ್ಲ. ನಿನ್ನ ಟ್ರೀಟ್‌ಮೆಂಟ್ ಮುಗೀಲಿ, ಆಮೇಲೆ ಎರಡನೇ ಸಲ ಹೋಗೋಣ."

ಅರ್ಜಿ ಹಾಕುವ ದಿನ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹೋದೆ. ಫ್ಯಾಮಿಲಿ ಕೋರ್ಟಿನ ವರಾಂಡದಲ್ಲಿ ಕೂರಲು ಜಾಗವಿರಲಿಲ್ಲ. ಅವರು ಎಲ್ಲಿಂದಲೋ ಒಂದು ಕುರ್ಚಿ ತಂದಿಟ್ಟು ದೂರ ಹೋಗಿ ನಿಂತರು.

ಹನ್ನೊಂದು ತಿಂಗಳ ಮೇಲೆ ಮತ್ತೆ ಹೋದೆವು. ರೇಡಿಯೇಷನ್ ಮುಗಿದಿತ್ತು. ತಲೆಯಲ್ಲಿ ಗಿಡ್ಡ ಕೂದಲು ಬಂದಿತ್ತು. ಯಾರದಾದರೂ ಒತ್ತಾಯ ಇದೆಯೇ ಎಂದು ಜಡ್ಜ್ ಕೇಳಿದರು. ಇಲ್ಲ ಎಂದೆವು. ಡಿವೋರ್ಸ್ ಆಯಿತು.

ಈಗ ತಪಾಸಣೆಯ ಖರ್ಚು ನನ್ನದೇ. ಅದಕ್ಕೆ ದೂರಿಲ್ಲ.

ಸಂಸಾರ ಆಗದಿದ್ದರೆ ಬಿಡಿ. ಆದರೆ ಹೇಳುವ ಮುಂಚೆ, ನೋಟಿಸು ಕಳಿಸುವ ಮುಂಚೆ, ಎದುರಿನವರು ಈ ವಾರ ಯಾವ ಸ್ಥಿತಿಯಲ್ಲಿದ್ದಾರೆ ಎಂದು ವಿಚಾರಿಸಿ. ನಾನು ವಿಚಾರಿಸಿರಲಿಲ್ಲ.