ಬಿಚ್ಚಿ ಜೋಡಿಸುವ ಪೆನ್ನಿನ ಊರು

ವಿಜಯವಾಡದ ಕಡೆಯಿಂದ ರೈಲಿನಲ್ಲಿ ಬರುವವರಿಗೆ ಮೊದಲು ಕಾಣುವುದು ರಾಜಮಹೇಂದ್ರಿಯಲ್ಲ, ಗೋದಾವರಿ. ಕೊವ್ವೂರು ದಾಟಿ ಗಾಡಿ ಸೇತುವೆ ಹತ್ತಿದರೆ ನೀರು, ಮರಳದಿಬ್ಬ, ಮತ್ತೆ ನೀರು. ಕಮಾನು ಸೇತುವೆಯ ಮೇಲೆ ಹೋಗುವ ಗಾಡಿಯಾದರೆ ಪಕ್ಕದಲ್ಲಿ ಹಳೆಯ ಹ್ಯಾವ್‌ಲಾಕ್ ಸೇತುವೆಯ ಕಲ್ಲಿನ ಕಂಬಗಳೂ ಕಾಣುತ್ತವೆ. 1900ರಲ್ಲಿ ತೆರೆದ ಆ ಸೇತುವೆ ಸುಮಾರು ನೂರು ವರ್ಷ ದುಡಿದು 1997ರಲ್ಲಿ ನಿವೃತ್ತಿ ಪಡೆಯಿತು. ಅದು ನಿವೃತ್ತಿಯಾದರೂ, ಈ ಊರಿನ ಮತ್ತೊಂದು ಹಳೆಯ ಕೆಲಸ ನಿಂತಿಲ್ಲ. ಅದು ಕೈಯಿಂದ ಪೆನ್ ಮಾಡುವ ಕೆಲಸ.

ಬರವಣಿಗೆಗೂ ಈ ಊರಿಗೂ ನಂಟು ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ರಾಜರಾಜ ನರೇಂದ್ರನ ಆಸ್ಥಾನದಲ್ಲಿದ್ದ ನನ್ನಯ ತೆಲುಗಿನಲ್ಲಿ ಮಹಾಭಾರತ ಬರೆಯಲು ತೊಡಗಿದ್ದು ಇಲ್ಲಿಯೇ. ಆ ಕೆಲಸದಲ್ಲಿ ಅವನಿಗೆ ನೆರವಾದ ಗೆಳೆಯ ನಾರಾಯಣ ಭಟ್ಟ ಕನ್ನಡವನ್ನೂ ಬಲ್ಲ ಕವಿಯೆಂದು ನಂದಂಪೂಡಿ ಶಾಸನ ಹೇಳುತ್ತದೆ. ಕನ್ನಡದ ಮಕ್ಕಳಿಗೆ ಈ ಊರು ತೀರಾ ಪರಸ್ಥಳವಲ್ಲ.

ಪೆನ್ನಿನ ಕಥೆ ಸ್ವದೇಶಿ ಚಳವಳಿಯ ದಿನಗಳದು. ಕೆ. ವಿ. ರತ್ನಂ ಎಂಬ ಕುಶಲಕರ್ಮಿ ಗಾಂಧೀಜಿಯವರ ಮಾತಿಗೆ ಓಗೊಟ್ಟು ನಮ್ಮ ದೇಶದಲ್ಲೇ ಫೌಂಟನ್ ಪೆನ್ ಮಾಡಲು ಹೊರಟರು. 1932ರಲ್ಲಿ ಅವರ ಪೆನ್ ಕಾರ್ಯಾಗಾರ ಆರಂಭವಾಯಿತು. ತಾವು ಮಾಡಿದ ಪೆನ್ನನ್ನು ಗ್ರಾಮೋದ್ಯೋಗ ಸಂಘದ ಜೆ. ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಗೆ ತಲುಪಿಸಿದರು. ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳ ಬದಲಿಗೆ ಇದನ್ನು ಧಾರಾಳವಾಗಿ ಬಳಸಬಹುದೆಂಬ ಅರ್ಥದ ಮೆಚ್ಚುಗೆಯ ಪತ್ರ 1935ರ ಜುಲೈಯಲ್ಲಿ ವಾರ್ಧಾದಿಂದ ಬಂತು. ಮುಂದೆ ಗೈಡರ್ ಎಂಬ ಇನ್ನೊಂದು ಹೆಸರೂ ಇದೇ ಊರಿನಿಂದ ಹೊರಟಿತು.

ಪೆನ್ನಿನ ಒಡಲು ಎಬೊನೈಟಿನದು. ರಬ್ಬರಿಗೆ ಬಹಳಷ್ಟು ಗಂಧಕ ಬೆರೆಸಿ ಕಾಯಿಸಿದರೆ ಅದು ಎಳೆದರೆ ಹಿಗ್ಗುವ ಗುಣ ಬಿಟ್ಟು ಕರಿಮರದಂತೆ ಗಟ್ಟಿಯಾಗುತ್ತದೆ. ಆ ಕೋಲನ್ನು ತುಂಡು ಮಾಡಿ, ಲೇತಿಗೆ ಕಚ್ಚಿಸಿ, ಒಳಗೆ ಕೊರೆದು, ಹೊರಗೆ ತರೆದು, ಮರೆ ಕೊಯ್ಯುತ್ತಾರೆ. ಒಡಲು, ಕತ್ತು, ಮುಚ್ಚಳ ಮೂರೂ ಮರೆಯಿಂದಲೇ ಒಂದಕ್ಕೊಂದು ಕೂಡುತ್ತವೆ. ಬಳಿಕ ಮರಳಕಾಗದದಿಂದ ಉಜ್ಜಿ ಹೊಳಪು ಕೊಡುತ್ತಾರೆ.

ಕಷ್ಟದ ಕೆಲಸ ಕೊನೆಗೆ ಉಳಿದಿರುತ್ತದೆ. ನಿಬ್ಬನ್ನೂ ಅದರ ಕೆಳಗಿನ ನಾಲಗೆಯನ್ನೂ ಒಟ್ಟಿಗೆ ಹಿಡಿದು ಬೆರಳಿನಿಂದ ಕತ್ತಿನೊಳಗೆ ಒತ್ತಬೇಕು. ಸಡಿಲವಾದರೆ ಮಸಿ ಸೋರುತ್ತದೆ. ಬಿಗಿಯಾದರೆ ಕತ್ತು ಸೀಳುತ್ತದೆ. ನಾಲಗೆಯ ಸಣ್ಣ ಕಾಲುವೆಯಲ್ಲಿ ಮಸಿ ಮುಂದಕ್ಕೆ ಬಂದಷ್ಟೂ ಗಾಳಿ ಹಿಂದಕ್ಕೆ ಹೋಗಬೇಕು. ಗಾಳಿಯ ದಾರಿ ಮುಚ್ಚಿದರೆ ಎಷ್ಟೇ ಮಸಿ ಇದ್ದರೂ ಪೆನ್ ಬರೆಯದು.

ಹೊರದೇಶಗಳಲ್ಲಿ ಮನೆಯ ಹಿತ್ತಲ ಕಾರ್ಯಾಗಾರದಲ್ಲಿ ಮರದ ಪೆನ್ ಮಾಡುವ ಹವ್ಯಾಸಿಗಳು ಬಹಳ. ಅವರ ದಾರಿ ಬೇರೆ. ಮರದ ತುಂಡಿಗೆ ತೂತು ಕೊರೆದು ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ಲೇತಿನಲ್ಲಿ ತರೆದು, ಅಂಗಡಿಯಿಂದ ತಂದ ಲೋಹದ ಬಿಡಿಭಾಗಗಳನ್ನು ಕೊಳವೆಯೊಳಗೆ ಒತ್ತಿ ಕೂರಿಸುತ್ತಾರೆ. ಒತ್ತಲು ಆರ್ಬರ್ ಪ್ರೆಸ್ ಬಳಸುವವರಿದ್ದಾರೆ. ಹಿಡಿಕೆ ಎಳೆದರೆ ಹಲ್ಲಿನ ಸರಳೊಂದು ಕೆಳಗಿಳಿಯುವ ಈ ಯಂತ್ರ ಇರುವುದು ಬೇರಿಂಗ್ ಕೂರಿಸಲು. ಪೆನ್ನಿಗೆ ಅದರ ಬಲ ಅತಿಯಾಯಿತು. ಹಾಗಾಗಿ ಅದನ್ನು ಪಳಗಿಸುತ್ತಾರೆ. ಉಕ್ಕು ತಗುಲಿ ಗೀರು ಬೀಳದಂತೆ ಸರಳಿನ ತುದಿಗೆ ನೈಲಾನ್ ಇಲ್ಲವೇ ಗಟ್ಟಿಮರದ ಬಿಲ್ಲೆ ಹಾಕುತ್ತಾರೆ. ಪೆನ್ ವಾಲದಂತೆ ಕೆಳಗೆ ಸರಿಯಾಗಿ ನಡುವಿಗೆ ಒಂದು ಗುಣಿಯ ಪೀಠ ಮಾಡುತ್ತಾರೆ. ಬೇಕಾದಷ್ಟೇ ಆಳಕ್ಕೆ ಇಳಿದು ನಿಲ್ಲಲೆಂದು ಸರಳಿಗೆ ಒಂದು ತಡೆಬಳೆ ಬಿಗಿಯುತ್ತಾರೆ. ತಿರುಗಿಸುವ ಬಾಲ್‌ಪೆನ್ನಿನಲ್ಲಿ ಯಂತ್ರಭಾಗ ತುಸು ಹೆಚ್ಚು ಒಳಗೆ ಹೋದರೂ ರೀಫಿಲ್ಲಿನ ಮೊನೆ ಒಳಸರಿಯದೆ ಜೇಬಿಗೆಲ್ಲ ಮಸಿ! ಕಡಿಮೆ ಹೋದರೆ ಮೊನೆ ಹೊರಗೇ ಬಾರದು. ತಪ್ಪಿದರೆ ಸರಿಪಡಿಸುವುದೂ ಸುಲಭವಲ್ಲ. ಒತ್ತಿ ಕೂರಿಸಿದ್ದನ್ನು ಒಳಗಿನಿಂದ ಸರಳಿಟ್ಟು ಹೊಡೆದೇ ಹೊರಡಿಸಬೇಕು. ಆ ಏಟಿಗೆ ಎಷ್ಟೋ ಸಲ ಮರವೇ ಸೀಳಿಹೋಗುತ್ತದೆ.

ರಾಜಮಹೇಂದ್ರಿಯ ಮಸಿಪೆನ್ನಿನ ಹೆಚ್ಚುಗಾರಿಕೆ ಇಲ್ಲೇ ಇದೆ. ಅದರ ಒಡಲು ಜೋಡಿಸಲು ಪ್ರೆಸ್ಸೂ ಬೇಡ, ಅಂಟೂ ಬೇಡ. ಹತ್ತು ವರ್ಷದ ಹುಡುಗಿಯೂ ಅದನ್ನು ತಿರುಗಿಸಿ ಬಿಚ್ಚಬಲ್ಲಳು, ತೊಳೆದು ಮತ್ತೆ ಜೋಡಿಸಬಲ್ಲಳು. ನಿಬ್ಬು ಕೆಟ್ಟರೆ ನಿಬ್ಬನ್ನಷ್ಟೇ ಬದಲಿಸಿದರೆ ಸಾಕು.

ಇಂಥ ಪೆನ್ ಮಕ್ಕಳಿಗೆ ಕೊಡುವ ತಂದೆತಾಯಿಗಳು ಕೆಲವು ಮಾತು ನೆನಪಿಡಬೇಕು. ತೊಳೆಯಲು ತಣ್ಣೀರೇ ಸಾಕು. ಬಿಸಿನೀರಿಗೂ ಬಹುಕಾಲದ ಬಿಸಿಲಿಗೂ ಎಬೊನೈಟಿನ ಹೊಳಪು ಮಾಸಿ ಬಣ್ಣ ಕಂದುತ್ತದೆ. ಮಸಿಯನ್ನು ನೇರವಾಗಿ ಒಡಲಿಗೇ ತುಂಬುವ ಪೆನ್ನಿನಲ್ಲಿ ಮಸಿ ಕಾಲುಭಾಗಕ್ಕೆ ಇಳಿದಾಗ ಹಠಾತ್ತನೆ ಒಂದು ದೊಡ್ಡ ಹನಿ ಬೀಳಬಹುದು. ಅದು ಪೆನ್ನಿನ ದೋಷವಲ್ಲ. ಒಳಗಿನ ಗಾಳಿ ಅಂಗೈಯ ಬಿಸಿಗೆ ಹಿಗ್ಗಿ ಮಸಿಯನ್ನು ಹೊರದೂಡುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೇ ಮಸಿ ತುಂಬಿಕೊಂಡ ವಿದ್ಯಾರ್ಥಿಗೆ ಈ ಭಯವಿಲ್ಲ. ಪಾಠದಲ್ಲಿ ಓದಿದ ಅನಿಲಗಳ ನಿಯಮ ಹೀಗೆ ಉತ್ತರಪತ್ರಿಕೆಯ ಮೇಲೆಯೇ ಕಾಣಿಸಿಕೊಳ್ಳಬಾರದಲ್ಲವೇ?

ಬಾಲ್‌ಪೆನ್ ಬಂದ ಮೇಲೆ ಮಸಿಪೆನ್ನು ಶಾಲೆಯ ಚೀಲದಿಂದ ಮರೆಯಾಯಿತು. ಬರೆದು ಮುಗಿದರೆ ಎಸೆದು ಇನ್ನೊಂದು ಕೊಳ್ಳುವುದು ಮಕ್ಕಳಿಗೂ ದೊಡ್ಡವರಿಗೂ ರೂಢಿಯಾಯಿತು. ಕೈಯಿಂದ ಮಾಡುವ ಪೆನ್ ಬೇಕೆನ್ನುವವರು ಕಡಿಮೆಯಾದಂತೆ ಲೇತಿನ ಮುಂದೆ ಕುಳಿತು ಈ ವಿದ್ಯೆ ಕಲಿಯಲು ಬರುವವರೂ ಕಡಿಮೆಯಾಗದೆ ಇರಲಾರರು. ಮರೆ ಎಷ್ಟು ಬಿಗಿಯಿರಬೇಕು, ನಿಬ್ಬು ಎಷ್ಟು ಒಳಗಿರಬೇಕು ಎಂಬುದು ಬರೀ ಪುಸ್ತಕ ಓದಿ ಬರುವುದಲ್ಲ. ಅದು ಬೆರಳಿನಿಂದ ಬೆರಳಿಗೆ ದಾಟುವ ವಿದ್ಯೆ. ಒಂದು ತಲೆಮಾರು ಕಲಿಯದೆ ಬಿಟ್ಟರೆ ಮುಂದಿನದಕ್ಕೆ ಕಲಿಸುವವರೇ ಇರುವುದಿಲ್ಲ.

ರಾಜಮಹೇಂದ್ರಿಗೆ ಹೋದವರು ಧವಳೇಶ್ವರದ ಅಣೆಕಟ್ಟು ನೋಡುತ್ತಾರೆ, ಪುಷ್ಕರ ಘಾಟಿನಲ್ಲಿ ಮುಳುಗು ಹಾಕುತ್ತಾರೆ. ಮಕ್ಕಳು ಜತೆಗಿದ್ದರೆ ಒಂದು ಗಂಟೆಯನ್ನು ಪೆನ್ನಿಗೂ ಮೀಸಲಿಡುವುದು ಒಳ್ಳೆಯದು. ಕೊಂಡ ಪೆನ್ನನ್ನು ಮಗುವಿನ ಕೈಗೇ ಕೊಟ್ಟು, ಒಂದು ಸಲ ಪೂರ್ತಿ ಬಿಚ್ಚಿ ಜೋಡಿಸಲು ಹೇಳಬೇಕು. ಮೊದಲ ಸಲ ಬೆರಳೆಲ್ಲ ಮಸಿಯಾಗುತ್ತದೆ. ಆಗಲಿ, ತೊಳೆಯಲು ಗೋದಾವರಿ ಹತ್ತಿರವೇ ಇದೆ.