ಚುಕ್ಕಿ ಎಲ್ಲಿಡಬೇಕು?

ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನವಿಡೀ ದಶಮಾಂಶದ ಜೊತೆಗೇ ಇರುವ ನಾವು, ಮನೆಯಲ್ಲಿ ಮಕ್ಕಳಿಗೆ ಅದರ ಭಾಗಾಕಾರ ಹೇಳಿಕೊಡಲು ಕುಳಿತರೆ ಮೊದಲು ಬರುವ ಪ್ರಶ್ನೆ ಒಂದೇ: "ಭಾಗಿಸಿದ್ರೆ ಕಮ್ಮಿ ಆಗ್ಬೇಕಲ್ವಾ? 3 ಹೇಗೆ 12 ಆಯ್ತು?" ಲೆಕ್ಕ 3 ÷ 0.25.

ಕುವೈತಿನಲ್ಲಿ ಬೆಳೆಯುವ ಮಕ್ಕಳಿಗೆ ಉತ್ತರ ಜೇಬಿನಲ್ಲೇ ಇದೆ. ಇಲ್ಲಿ ದಿನಾರಿಗೆ 1000 ಫಿಲ್ಸ್. ಕಾಲು ದಿನಾರಿನ ನೋಟು ಎಂದರೆ 0.250. ಮೂರು ದಿನಾರಿಗೆ ಅಂಥ ನೋಟು ಎಷ್ಟು ಎಂದರೆ ಚಿಕ್ಕವಳೂ ಹನ್ನೆರಡು ಅನ್ನುತ್ತಾಳೆ. ಎರಡನ್ನೂ ಫಿಲ್ಸ್ ಮಾಡಿದರೆ 3000 ÷ 250. ಚುಕ್ಕಿಯನ್ನು ಎರಡೂ ಕಡೆ ಸಮನಾಗಿ ಸರಿಸುವುದೆಂದರೆ ಇಷ್ಟೇ. ಊರಿನ ಶಾಲೆಯಲ್ಲಿ ನಾವು ಅದನ್ನು ಬಾಯಿಪಾಠ ಮಾಡಿದ್ದೆವು, ಯಾಕೆಂದು ಯಾರೂ ಹೇಳಿರಲಿಲ್ಲ.

ಪರೀಕ್ಷೆಯಲ್ಲಿ ಚುಕ್ಕಿ ಜಾರಿದರೆ ಒಂದು ಮಾರ್ಕು ಹೋದೀತು. ಔಷಧಿಯಲ್ಲಿ ಜಾರಿದರೆ? 12.5 ಕಿಲೋ ತೂಕದ ಮಗುವಿಗೆ ಜ್ವರ. ಕಿಲೋಗೆ 15 ಮಿ.ಗ್ರಾಂ.ನಂತೆ ಪ್ಯಾರಸಿಟಮಾಲ್ 187.5 ಮಿ.ಗ್ರಾಂ. ಸಿರಪ್ಪಿನ 5 ಮಿ.ಲೀ.ನಲ್ಲಿ 250 ಮಿ.ಗ್ರಾಂ., ಅಂದರೆ 1 ಮಿ.ಲೀ.ಗೆ 50. 187.5 ÷ 50 = 3.75 ಮಿ.ಲೀ. ಚುಕ್ಕಿ ಒಂದು ಸ್ಥಾನ ಸರಿದರೆ 37.5! ಹತ್ತು ಪಟ್ಟು, ಲಿವರಿಗೇ ಅಪಾಯ. ಅದಕ್ಕೇ ಮಕ್ಕಳಿಂದ ಮೊದಲು ಅಂದಾಜು ಮಾಡಿಸುತ್ತೇವೆ: 250ಕ್ಕೆ 5 ಮಿ.ಲೀ. ಆದರೆ 187.5ಕ್ಕೆ ಐದಕ್ಕಿಂತ ಕಡಿಮೆಯೇ ಬರಬೇಕು. ಕ್ಯಾಲ್ಕುಲೇಟರ್ ಆಮೇಲೆ.

ಇನ್ನೊಂದು ಹಟವೂ ನಮ್ಮದಿದೆ. ಬರೀ .5 ಎಂದು ಬರೆದರೆ ಒಪ್ಪುವುದಿಲ್ಲ, ಮುಂದೆ ಸೊನ್ನೆ ಬೇಕೇ ಬೇಕು. ಚುಕ್ಕಿ ಮಾಸಿದರೆ ಅದು 5 ಆಗಿಬಿಡುತ್ತದೆ. ಟೀಚರೇ ಬಿಟ್ಟರೂ ನೀವು ಬಿಡಲ್ಲ ಎಂದು ಮಕ್ಕಳು ಗೊಣಗುತ್ತಾರೆ. ಗೊಣಗಲಿ.