ಒಡೆದ ಬೀಡಿಗೆ ಹೊಲಿಗೆ

ಬಟ್ಟೆ ಹರಿದರೆ ಹೊಲಿಯುವುದುಂಟು, ಕಬ್ಬಿಣವನ್ನು ಹೊಲಿಯುವುದುಂಟೆ? ಬಿಡದಿಯಲ್ಲಿ ನನ್ನ ಸೋದರಮಾವನ ಗ್ಯಾರೇಜಿನಲ್ಲಿ ಕಳೆದ ಬೇಸಗೆಯ ರಜದಲ್ಲಿ ಅದನ್ನು ಕಣ್ಣಾರೆ ಕಂಡೆ. ಬಿಡದಿಯೆಂದೊಡನೆ ವಾಚಕರಿಗೆ ನೆನಪಾಗುವುದು ತಟ್ಟೆ ಇಡ್ಲಿ. ಇಲ್ಲವೆ 1999ರ ಕೊನೆಯಲ್ಲಿ ಕ್ವಾಲಿಸ್ ಗಾಡಿಗಳನ್ನು ಹೊರತರತೊಡಗಿದ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ. ಹೊಸ ಕಾರು ಹುಟ್ಟುವ ಊರಿನಲ್ಲಿದ್ದೂ ಮಾವನಿಗೆ ಹಳೆಯ ಕಾರುಗಳದೇ ಹುಚ್ಚು.

ಬಂದಿದ್ದುದು 1947ರ ಎಂ.ಜಿ. ಟಿ.ಸಿ. ಎರಡೇ ಆಸನ, ನೀಳವಾದ ಮೂತಿ, ತಂತಿಕಡ್ಡಿಯ ಚಕ್ರ. 1945ರಿಂದ 1949ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ತಯಾರಾದ ಮಾದರಿ. ನಾಲ್ಕು ಸಿಲಿಂಡರಿನ 1250 ಸಿ.ಸಿ. ಎಂಜಿನು. ನೀರು ಬತ್ತಿ ಕಾದು ನಿಂತಿದ್ದ ಆ ಎಂಜಿನಿಗೆ ಯಾರೋ ಪುಣ್ಯಾತ್ಮರು ತಣ್ಣೀರು ಸುರಿದಿದ್ದರು. ಬ್ಲಾಕಿನ ಪಕ್ಕದಲ್ಲಿ, ನೀರು ಸುತ್ತಾಡುವ ಗೋಡೆಯ ಮೇಲೆ, ನಾಲ್ಕು ಅಂಗುಲದ ಬಿರುಕು.

“ಬೇರೆ ಬ್ಲಾಕು ತರಿಸಬಾರದೆ ಮಾವ?” ಎಂದೆ.

“ತರಿಸಬಹುದು ಕಣೋ. ಆಮೇಲೆ ಇದು ಇದೇ ಗಾಡಿ ಅನ್ನಿಸ್ಕೊಳ್ಳುತ್ತಾ?”

ಇದು ಬರಿಯ ಮಮತೆಯ ಮಾತಲ್ಲ. 50 ವರ್ಷ ದಾಟಿದ ವಾಹನಗಳ ನೋಂದಣಿಗಾಗಿ 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದಂತೆ, ಗಾಡಿ ತನ್ನ ಮೂಲ ಸ್ವರೂಪದಲ್ಲಿಯೇ ಇರಬೇಕು. ಹಳೆಯ ಕಾಗದದಲ್ಲಿದ್ದ ಎಂಜಿನ್ ಸಂಖ್ಯೆ ಈ ಬ್ಲಾಕಿನದು. ಕೆಲಸ ಕೈಗೂಡದಿದ್ದರೆ ಗಾಡಿಯನ್ನು ಬಿಡಿಬಿಡಿಯಾಗಿ ಮಾರಿಬಿಡುವುದಾಗಿ ಯಜಮಾನರು ಹೇಳಿ ಹೋಗಿದ್ದರು.

ವೆಲ್ಡಿಂಗ್ ಮಾಡಿದರಾಗದೆ ಎಂದು ಕೇಳುವವರುಂಟು. ಬೀಡಿನಲ್ಲಿ ನೂರಕ್ಕೆ ಎರಡರಿಂದ ನಾಲ್ಕು ಪಾಲು ಇಂಗಾಲವಿರುತ್ತದೆ. ಅದು ಬಹುಮಟ್ಟಿಗೆ ಸಣ್ಣ ಸಣ್ಣ ಹಕ್ಕಳೆಗಳಾಗಿ ಕಬ್ಬಿಣದೊಳಗೆ ಹರಡಿಕೊಂಡಿರುತ್ತದೆ. ಆದುದರಿಂದಲೇ ಬೀಡು ಭಾರ ಹೊರಬಲ್ಲುದು, ಬಾಗಲಾರದು. ಒಂದು ಕಡೆ ಮಾತ್ರ ಸುಟ್ಟರೆ ಆ ಭಾಗ ಆರುವಾಗ ಕುಗ್ಗಿ, ಪಕ್ಕದಲ್ಲೇ ಹೊಸ ಬಿರುಕು ಬಾಯಿಬಿಡುತ್ತದೆ. ಇಡೀ ಬ್ಲಾಕನ್ನು ಕುಲುಮೆಯಲ್ಲಿ ಹದವಾಗಿ ಕಾಯಿಸಿ ಬೆಸೆದು ಮೆಲ್ಲಗೆ ಆರಿಸುವವರೂ ಇದ್ದಾರೆ. ಮಾವನಲ್ಲಿ ಅಂಥ ಕುಲುಮೆಯಿಲ್ಲ. ಬೆಂಕಿಯಿಲ್ಲದೆ ಹೊಲಿಯುವ ವಿದ್ಯೆ 1930ರ ದಶಕದಲ್ಲಿ ಅಮೆರಿಕದ ಎಣ್ಣೆಬಾವಿಗಳ ಬಳಿ ಬೆಳೆದುದಂತೆ. ಎಣ್ಣೆಯ ಪಕ್ಕದಲ್ಲಿ ಬೆಂಕಿ ಹೊತ್ತಿಸುವ ಧೈರ್ಯ ಯಾರಿಗಿದ್ದೀತು!

ಮೊದಲು ಬಿರುಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಒಳಗಿದ್ದ ಎಣ್ಣೆ ಜಿನುಗಿ ಬಿಳಿಯ ಮೇಲೆ ಗೆರೆ ಮೂಡಿತು. ಕಣ್ಣಿಗೆ ಕಂಡುದಕ್ಕಿಂತ ಅರ್ಧ ಅಂಗುಲ ಹೆಚ್ಚೇ ಇತ್ತು. ಎರಡು ತುದಿಗಳಲ್ಲೂ ರಂಧ್ರ ಕೊರೆದರು. ಬಿರುಕು ಮುಂದೆ ಓಡದಂತೆ ಹಾಕಿದ ಕಟ್ಟು ಅದು. ಬಳಿಕ ಒಂದು ರಂಧ್ರ, ಅದಕ್ಕೆ ಟ್ಯಾಪಿನಿಂದ ಗೆರೆ, ಗೆರೆಗೆ ತಿರುಪು. ತಿರುಪಿನ ತಲೆ ಕತ್ತರಿಸಿ ಮುಂದಿನ ರಂಧ್ರ. ಅದು ಹಿಂದಿನ ತಿರುಪಿನ ಅಂಚನ್ನೂ ಕಚ್ಚಿಕೊಂಡಿರಬೇಕು, ಹಾಗಿದ್ದರೇ ಸರಪಣಿ. ಅತ್ತಿತ್ತ ಅಗಲದಂತೆ ನಡುನಡುವೆ ಅಡ್ಡಪಟ್ಟಿಗಳು. ಡ್ರಿಲ್ ಸ್ವಲ್ಪ ಆಳಕ್ಕಿಳಿದರೂ ಹಿಂದಿರುವುದು ಸಿಲಿಂಡರಿನ ಗೋಡೆ. ಮಾವ ದಿನಕ್ಕೆ ಐದಾರು ತಿರುಪಿಗಿಂತ ಹೆಚ್ಚು ಹಾಕಲಿಲ್ಲ; ಕೈ ದಣಿದರೆ ಎದ್ದು ಕಾಫಿಗೆ ಹೊರಡುತ್ತಿದ್ದರು.

ಐದನೆಯ ಸಂಜೆ ಸುತ್ತಿಗೆಯಿಂದ ಸಾಲನ್ನು ಮೆಲ್ಲಗೆ ತಟ್ಟಿ, ಅರದಿಂದ ಉಜ್ಜಿದರು. ತೆರೆದ ಬಾಯಿಗಳನ್ನೆಲ್ಲ ರಬ್ಬರಿಟ್ಟು ಮುಚ್ಚಿ, ಗಾಳಿ ತುಂಬಿ, ಬ್ಲಾಕನ್ನು ಸರಪಣಿಯಿಂದ ನೀರಿನ ತೊಟ್ಟಿಗಿಳಿಸಿದೆವು. ಮಧ್ಯದ ಒಂದು ತಿರುಪಿನಿಂದ ಗುಳ್ಳೆಗಳು ಸಾಲಾಗಿ ಮೇಲೆದ್ದವು. ಮಾವ ಮಾತಾಡಲಿಲ್ಲ. ಮೇಲೆತ್ತಿ, ಆ ತಿರುಪನ್ನು ಕೊರೆದು ತೆಗೆದು, ಒಂದು ಗಾತ್ರ ದಪ್ಪನೆಯದನ್ನು ಕೂಡಿಸಿ ಮತ್ತೆ ಇಳಿಸಿದರು. ಅರ್ಧ ಗಂಟೆ ನೀರನ್ನೇ ನೋಡುತ್ತ ನಿಂತೆವು. ಒಂದು ಗುಳ್ಳೆಯೂ ಏಳಲಿಲ್ಲ.

“ಸರಿ, ಆ ರೇಡಿಯೇಟರ್ ಬಿಚ್ಚೋ. ಕಾದಿದ್ದಕ್ಕೆ ಕಾರಣ ಅದರಲ್ಲಿರಬೇಕು,” ಎಂದರು.